ಗುಡಾರ ಹೊಲಿಯುತ್ತ ನಾಡು ದಾಟಿದ ದಂಪತಿ



ಹೊಸ ಒಡಂಬಡಿಕೆಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಒಟ್ಟಿಗೆ ಬರುವುದು ಅಪರೂಪ. ಸಂತ ಪೇತ್ರನಿಗೆ ಮದುವೆಯಾಗಿತ್ತೆಂದು ಅವನ ಅತ್ತೆಗೆ ಜ್ವರ ಬಂದ ಪ್ರಸಂಗದಿಂದ ತಿಳಿಯುತ್ತೇವೆ. ಹೆಂಡತಿಯ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಆದರೆ ಒಂದು ಜೋಡಿಯ ಹೆಸರು ಆರು ಕಡೆ ಬರುತ್ತದೆ, ಆರು ಕಡೆಯೂ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಲ್ಲ. ಅವರೇ ಅಕ್ವಿಲ ಮತ್ತು ಪ್ರಿಸಿಲ್ಲ. ಆ ಆರರಲ್ಲಿ ನಾಲ್ಕು ಕಡೆ ಹೆಂಡತಿಯ ಹೆಸರೇ ಮೊದಲು. ಅಂದಿನ ಬರವಣಿಗೆಯಲ್ಲಿ ಇದು ಸಾಮಾನ್ಯ ಸಂಗತಿಯಲ್ಲ.

ಇವರು ಗುರುಗಳಲ್ಲ, ಪ್ರವಾದಿಗಳಲ್ಲ. ಗುಡಾರ ಮಾಡುವ ಕಸುಬಿನವರು. ದುಡಿಮೆಗಾಗಿ ಊರೂರು ಅಲೆದವರು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನಮ್ಮ ಕುಟುಂಬಗಳಿಗೆ ಇವರ ಪಯಣದಲ್ಲಿ ಕಲಿಯುವುದು ಬೇಕಾದಷ್ಟಿದೆ. ಹನೂರಿನ ಮಳೆಯಾಶ್ರಿತ ಹೊಲಗಳು ಕೈಕೊಟ್ಟಾಗ ಬೆಂಗಳೂರಿಗೆ, ತಿರುಪ್ಪೂರಿಗೆ, ಕೊಡಗಿನ ಕಾಫಿ ತೋಟಗಳಿಗೆ ಬಸ್ಸು ಹತ್ತುವವರು ನಮ್ಮವರೇ ಅಲ್ಲವೇ?

ಮನೆ ಬಿಟ್ಟು ಹೊರಟದ್ದೇಕೆ?

ಅಕ್ವಿಲನ ಹುಟ್ಟೂರು ಪೊಂತ ಪ್ರಾಂತ್ಯ. ಅದು ಇಂದಿನ ತುರ್ಕಿ ದೇಶದ ಉತ್ತರಕ್ಕೆ, ಕಪ್ಪು ಸಮುದ್ರದ ದಡದಲ್ಲಿದೆ. ಅಲ್ಲಿಂದ ಬಂದ ಈ ಯೆಹೂದ್ಯನು ಹೆಂಡತಿಯೊಡನೆ ರೋಮ್ ನಗರದಲ್ಲಿ ಬಾಳುತ್ತಿದ್ದನು. ಕ್ರಿ.ಶ. 49ರ ಸುಮಾರಿಗೆ ಚಕ್ರವರ್ತಿ ಕ್ಲಾಡಿಯಸ್ ಯೆಹೂದ್ಯರು ರೋಮ್ ಬಿಟ್ಟು ಹೋಗಬೇಕೆಂದು ಆಜ್ಞೆ ಹೊರಡಿಸಿದನು. ಇದನ್ನು ಪ್ರೇಷಿತರ ಕಾರ್ಯಕಲಾಪಗಳು ಎಂಬ ಗ್ರಂಥವೂ ಹೇಳುತ್ತದೆ, ರೋಮಿನ ಚರಿತ್ರಕಾರ ಸುಯೆಟೋನಿಯಸ್ ಕೂಡ ಹೇಳುತ್ತಾನೆ. ಹೀಗೆ ಮಾಡದ ತಪ್ಪಿಗೆ ಮನೆ, ನೆರೆಹೊರೆ, ಗಿರಾಕಿಗಳು ಎಲ್ಲವೂ ಒಮ್ಮೆಗೇ ಕೈತಪ್ಪಿದವು.

ಇಂಥ ವಲಸೆ ನಮಗೆ ಅಪರಿಚಿತವಲ್ಲ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟಿಯನ್ನರನ್ನು ನೋಡಿರಿ. ತಮ್ಮ ನಾಡನ್ನು ಕಳೆದುಕೊಂಡವರು, ಹಿಮದ ಸೀಮೆಯಿಂದ ಬಂದವರು, ಇಲ್ಲಿಯ ಬಿಸಿಲಿನಲ್ಲಿ ಮುಸುಕಿನ ಜೋಳ ಬೆಳೆಯಲು ಕಲಿತರು. ಅಕ್ವಿಲ ಮತ್ತು ಪ್ರಿಸಿಲ್ಲರದೂ ಅಂಥದೇ ಪಾಡು.

ದಾರಿ ಎಂಥದು?

ರೋಮಿನಿಂದ ದಕ್ಷಿಣಕ್ಕೆ ಹೊರಟವರಿಗೆ ಅಪ್ಪಿಯನ್ ಹೆದ್ದಾರಿ ಇತ್ತು. ಕ್ರಿ.ಪೂ. 312ರಲ್ಲಿ ಆರಂಭವಾದ ಈ ಕಲ್ಲುಹಾಸಿನ ರಸ್ತೆ ಸುಮಾರು 540 ಕಿಲೋಮೀಟರ್ ಸಾಗಿ ಇಟಲಿಯ ಹಿಮ್ಮಡಿಯಲ್ಲಿರುವ ಬ್ರಿಂಡಿಸಿ ಬಂದರನ್ನು ಮುಟ್ಟುತ್ತದೆ. 2024ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಬ್ರಿಂಡಿಸಿಯಿಂದ ಹಡಗು ಹತ್ತಿದರೆ ಆಚೆ ದಡದಲ್ಲಿ ಬಾಲ್ಕನ್ ಸೀಮೆ. ಅಲ್ಲಿ ಇನ್ನೊಂದು ರಸ್ತೆ, ಎಗ್ನಾಷಿಯನ್ ಹೆದ್ದಾರಿ. ಇಂದಿನ ಅಲ್ಬೇನಿಯದ ದುರೆಸ್ ಬಂದರಿನಲ್ಲಿ ಹೊರಟು, ಉತ್ತರ ಮ್ಯಾಸಿಡೋನಿಯದ ಬೆಟ್ಟಗಳನ್ನು ಹಾದು, ಗ್ರೀಸಿನ ಥೆಸಲೋನಿಕ, ಫಿಲಿಪ್ಪಿಗಳನ್ನು ದಾಟಿ ಇಂದಿನ ಇಸ್ತಾಂಬುಲ್‌ವರೆಗೆ ಹೋಗುತ್ತಿತ್ತು. ಉದ್ದ ಸುಮಾರು 1,120 ಕಿಲೋಮೀಟರ್.

ಈ ಲೆಕ್ಕ ನಮಗೆ ಅರ್ಥವಾಗಬೇಕಾದರೆ ಹೀಗೆ ಎಣಿಸೋಣ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರನ್ನು ಕೌದಳ್ಳಿ ದಾರಿಯಲ್ಲಿ ಎಲ್ಲರೂ ಕಂಡಿದ್ದೇವೆ. ಆ ದಾರಿಯನ್ನು ಹದಿನಾಲ್ಕು ಸಲ ನಡೆದರೆ ಎಗ್ನಾಷಿಯನ್ ಹೆದ್ದಾರಿ ಒಂದು ಸಲ ಮುಗಿಯುತ್ತದೆ! ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆದರೂ ಮೂವತ್ತೇಳು, ಮೂವತ್ತೆಂಟು ದಿನ ಬೇಕು.

ಇದೇ ಎಗ್ನಾಷಿಯನ್ ಹೆದ್ದಾರಿಯ ಪೂರ್ವಭಾಗದಲ್ಲಿ, ಅದೇ ಕಾಲದಲ್ಲಿ, ಸಂತ ಪೌಲನು ನಡೆದು ಬರುತ್ತಿದ್ದನು. ಫಿಲಿಪ್ಪಿಯಲ್ಲಿ ಅವನಿಗೆ ಮನೆಬಾಗಿಲು ತೆರೆದವಳು ಊದಾಬಣ್ಣದ ಬಟ್ಟೆ ಮಾರುವ ಲಿದಿಯ ಎಂಬ ವ್ಯಾಪಾರಿ. ಥೆಸಲೋನಿಕದಲ್ಲಿ ಆಶ್ರಯ ಕೊಟ್ಟ ಯಾಸೋನನ ಮನೆಗೆ ಜನರು ಮುತ್ತಿಗೆ ಹಾಕಿದರು. ಅವನು ಜಾಮೀನು ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಪರದೇಶಿಗೆ ಬಾಗಿಲು ತೆರೆಯುವುದು ಅಂದೂ ಅಪಾಯದ ಕೆಲಸವೇ ಆಗಿತ್ತು. ಅಲ್ಲಿಂದ ಪೌಲನು ಬೆರೋಯ, ಅಥೆನ್ಸ್‌ಗಳನ್ನು ಹಾದು ಒಬ್ಬಂಟಿಯಾಗಿ ಕೊರಿಂಥಕ್ಕೆ ಬಂದನು. ರೋಮಿನಿಂದ ಹೊರಬಿದ್ದ ದಂಪತಿಯೂ ಆಗತಾನೇ ಅಲ್ಲಿಗೆ ಬಂದಿದ್ದರು.

ಕೊರಿಂಥದ ಅಂಗಡಿ

ಕೊರಿಂಥ ಎರಡು ಸಮುದ್ರಗಳ ನಡುವಿನ ಪಟ್ಟಣ. ಅದರ ಬಳಿ ನೆಲದ ಅಗಲ ಸುಮಾರು ಆರು ಕಿಲೋಮೀಟರ್ ಮಾತ್ರ. ಅಲ್ಲಿ ಇಂದು ಕಾಣುವ ಕಾಲುವೆ 1893ರಲ್ಲಿ ತೆರೆದದ್ದು. ಪೌಲನ ಕಾಲದಲ್ಲಿ ಸರಕನ್ನೂ ಸಣ್ಣ ಹಡಗುಗಳನ್ನೂ ಕಲ್ಲುಹಾಸಿನ ದಾರಿಯ ಮೇಲೆ ಎಳೆದು ದಾಟಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಹತ್ತಿರದಲ್ಲೇ ದೊಡ್ಡ ಕ್ರೀಡೋತ್ಸವ ನಡೆಯುತ್ತಿತ್ತು. ನಾವಿಕರಿಗೆ, ವ್ಯಾಪಾರಿಗಳಿಗೆ, ಜಾತ್ರೆಯ ಜನರಿಗೆ ಗುಡಾರ, ನೆರಳುಬಟ್ಟೆ, ಹಾಯಿಪಟ ಬೇಕು. ಹೀಗೆ ಕಸುಬು ಬಲ್ಲ ಕೈಗಳಿಗೆ ಕೆಲಸ ಸಿಕ್ಕಿತು.

ಪೌಲನ ಕಸುಬೂ ಅದೇ ಆಗಿದ್ದರಿಂದ ಅವನು ಅವರ ಮನೆಯಲ್ಲೇ ತಂಗಿ ಅವರೊಡನೆ ದುಡಿದನು. ಕೊರಿಂಥದಲ್ಲಿ ಅವನು ಒಂದೂವರೆ ವರ್ಷ ಇದ್ದನು. ಗಲ್ಲಿಯೋ ಎಂಬ ರಾಜ್ಯಪಾಲನ ಮುಂದೆ ಅವನನ್ನು ಎಳೆದು ತಂದರೆಂದು ಗ್ರಂಥ ಹೇಳುತ್ತದೆ. ಡೆಲ್ಫಿಯಲ್ಲಿ ದೊರೆತ ಒಂದು ಶಿಲಾಶಾಸನದಿಂದ ಗಲ್ಲಿಯೋ ಅಧಿಕಾರದಲ್ಲಿದ್ದುದು ಕ್ರಿ.ಶ. 51ರ ಸುಮಾರಿಗೆ ಎಂದು ಗೊತ್ತಾಗುತ್ತದೆ. ಪೌಲನ ಜೀವನದ ತಾರೀಖುಗಳನ್ನು ಪಂಡಿತರು ಲೆಕ್ಕ ಹಾಕುವುದು ಈ ಕಲ್ಲಿನ ಆಧಾರದಿಂದ.

ಕೊಳ್ಳೇಗಾಲದ ನೇಕಾರರ ಮನೆಯನ್ನು ಕಂಡವರಿಗೆ ಆ ಅಂಗಡಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮಗ್ಗವೇ ಮನೆಯ ಅರ್ಧ ಜಾಗ ಹಿಡಿದಿರುತ್ತದೆ. ಗಂಡ ಲಾಳಿ ಹಾಕುವಾಗ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಒಬ್ಬರ ಕೈ ನಿಂತರೆ ಇನ್ನೊಬ್ಬರ ಕೈಯೂ ನಿಲ್ಲುತ್ತದೆ. ರೇಷ್ಮೆಹುಳು ಸಾಕುವ ಮನೆಗಳಲ್ಲಿಯೂ ಹಾಗೆಯೇ; ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಹಾಕಲು ಗಂಡ ಹೆಂಡತಿ ಇಬ್ಬರಿಗೂ ರಾತ್ರಿ ನಿದ್ದೆಯಿಲ್ಲ. ಇಂಥ ಮನೆಗಳಲ್ಲಿ ಯಾರ ದುಡಿಮೆ ಹೆಚ್ಚು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಗ್ರಂಥವು ಗುಡಾರದ ಕಸುಬನ್ನು ಅಕ್ವಿಲನದು ಎಂದಷ್ಟೇ ಹೇಳದೆ, ಅವರ ಕಸುಬು ಎಂದು ಇಬ್ಬರಿಗೂ ಸೇರಿಸಿ ಹೇಳುವುದನ್ನು ಗಮನಿಸಬೇಕು.

ಎಫೆಸದಲ್ಲಿ ತೆರೆದ ಬಾಗಿಲು

ಪೌಲನು ಕೊರಿಂಥ ಬಿಟ್ಟಾಗ ದಂಪತಿಯೂ ಅವನೊಡನೆ ಹಡಗು ಹತ್ತಿ ಸಮುದ್ರದ ಆಚೆಯ ಎಫೆಸಕ್ಕೆ ಹೋದರು. ಪೌಲನು ಮುಂದಕ್ಕೆ ಹೊರಟರೂ ಇವರು ಅಲ್ಲೇ ಉಳಿದು ಮತ್ತೆ ಸೂಜಿ ದಾರ ಹಿಡಿದರು.

ಅಲ್ಲಿಗೆ ಅಪೊಲ್ಲೋಸ ಎಂಬ ಮಹಾ ವಾಗ್ಮಿ ಬಂದನು. ಅಲೆಕ್ಸಾಂಡ್ರಿಯದ ವಿದ್ವಾಂಸ. ಯೇಸುಸ್ವಾಮಿಯ ವಿಷಯವಾಗಿ ಉತ್ಸಾಹದಿಂದ ಬೋಧಿಸುತ್ತಿದ್ದರೂ ಅವನ ತಿಳುವಳಿಕೆ ಪೂರ್ಣವಾಗಿರಲಿಲ್ಲ. ಸ್ನಾನಿಕ ಯೊವಾನ್ನನ ದೀಕ್ಷಾಸ್ನಾನದ ಮಟ್ಟಿಗೆ ಮಾತ್ರ ಅವನಿಗೆ ಗೊತ್ತಿತ್ತು. ಸಭೆಯ ನಡುವೆ ಎದ್ದುನಿಂತು ಅವನನ್ನು ತಿದ್ದಬಹುದಾಗಿತ್ತು. ಇವರು ಹಾಗೆ ಮಾಡಲಿಲ್ಲ. ಅವನನ್ನು ತಮ್ಮ ಬಳಿಗೆ ಕರೆದುಕೊಂಡು, ಗಂಡ ಹೆಂಡತಿ ಇಬ್ಬರೂ ಕೂಡಿ, ವಿಷಯವನ್ನು ಸ್ಪಷ್ಟವಾಗಿ ವಿವರಿಸಿದರು. ವಿದ್ವಾಂಸನು ಗುಡಾರ ಹೊಲಿಯುವವರಿಂದ ಕಲಿತನು. ಅವನ ಮಾನ ಉಳಿಯಿತು, ಸತ್ಯವೂ ಉಳಿಯಿತು. ಮಕ್ಕಳನ್ನು, ಸೊಸೆಯನ್ನು, ಅಳಿಯನನ್ನು ನಾಲ್ಕು ಜನರ ಮುಂದೆ ತಿದ್ದಲು ಹೊರಡುವ ಹಿರಿಯರು ಈ ಭಾಗವನ್ನು ಮತ್ತೊಮ್ಮೆ ಓದಬೇಕು.

ಎಫೆಸದಿಂದ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲನು ಇವರ ಮನೆಯಲ್ಲಿ ಸೇರುವ ಸಭೆಯ ವಂದನೆಯನ್ನು ತಿಳಿಸುತ್ತಾನೆ. ಆಗ ದೇವಾಲಯದ ಕಟ್ಟಡಗಳಿರಲಿಲ್ಲ. ಹಗಲು ತೊಗಲು ಕತ್ತರಿಸಿದ ಕೋಣೆಯೇ ಪ್ರಾರ್ಥನೆಯ ಹೊತ್ತಿಗೆ ದೇವಾಲಯವಾಗುತ್ತಿತ್ತು.

ಮರಳಿ ರೋಮಿಗೆ

ಕ್ರಿ.ಶ. 54ರಲ್ಲಿ ಕ್ಲಾಡಿಯಸ್ ಸತ್ತನು. ಕ್ರಿ.ಶ. 57ರ ಸುಮಾರಿಗೆ ಪೌಲನು ರೋಮನರಿಗೆ ಪತ್ರ ಬರೆಯುವಾಗ ಅಕ್ವಿಲ ಮತ್ತು ಪ್ರಿಸಿಲ್ಲ ರೋಮಿನಲ್ಲಿದ್ದಾರೆ, ಅಲ್ಲಿಯೂ ಅವರ ಮನೆಯಲ್ಲಿ ಸಭೆ ಸೇರುತ್ತಿದೆ. ತನ್ನ ಪ್ರಾಣ ಉಳಿಸಲು ಅವರು ತಮ್ಮ ಕೊರಳನ್ನೇ ಒಡ್ಡಿದರೆಂದು ಪೌಲನು ಕೃತಜ್ಞತೆಯಿಂದ ನೆನೆಯುತ್ತಾನೆ. ಓಡಿಸಿದ ಊರಿಗೇ ಅವರು ಹಿಂದಿರುಗಿ ಬಂದರು. ಬಂದವರು ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂರಲಿಲ್ಲ. ಅದನ್ನು ಹಿಂದಿಗಿಂತಲೂ ಅಗಲವಾಗಿ ತೆರೆದರು. ಧರ್ಮಸಭೆ ಜುಲೈ 8ರಂದು ಇವರಿಬ್ಬರನ್ನೂ ಒಂದೇ ದಿನ ಸ್ಮರಿಸುತ್ತದೆ. ಜಗದ್ಗುರು 16ನೇ ಬೆನೆಡಿಕ್ಟರು 2007ರ ಫೆಬ್ರವರಿ 7ರಂದು ಈ ದಂಪತಿಯ ಕುರಿತು ಬೋಧಿಸುತ್ತ, ಪ್ರತಿಯೊಂದು ಮನೆಯೂ ಒಂದು ಚಿಕ್ಕ ಧರ್ಮಸಭೆಯಾಗಬಲ್ಲದು ಎಂಬುದನ್ನು ನೆನಪಿಸಿದರು.

ನಮ್ಮ ಮನೆಗಳಿಗೆ ಪಾಠ

ಮೊದಲನೆಯದು: ಮನೆ ಎಂದರೆ ಗೋಡೆಯಲ್ಲ. ಈ ದಂಪತಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಾಗ ಗೋಡೆಗಳನ್ನು ಬಿಟ್ಟುಹೋದರು. ಕೈಕಸುಬು, ಕೂಡಿ ಮಾಡುವ ಪ್ರಾರ್ಥನೆ, ಅತಿಥಿಗೆ ಒಂದು ಚಾಪೆ - ಇವನ್ನು ಹೊತ್ತುಕೊಂಡು ಹೋದರು. ನಮ್ಮಲ್ಲಿ ಕೆಲಸಕ್ಕಾಗಿ ಪಟ್ಟಣ ಸೇರಿದ ಎಷ್ಟೋ ಕುಟುಂಬಗಳು ಊರಿನಲ್ಲಿದ್ದ ಸಂಜೆಯ ಜಪಸರವನ್ನು ಊರಿನಲ್ಲೇ ಬಿಟ್ಟುಹೋಗುತ್ತವೆ. ಹತ್ತು ಅಡಿಯ ಬಾಡಿಗೆ ಕೋಣೆಯಲ್ಲೂ ಅದಕ್ಕೆ ಜಾಗವಿದೆ.

ಎರಡನೆಯದು: ಸಾಧ್ಯವಾದಷ್ಟೂ ಜೊತೆಯಲ್ಲಿರುವುದು. ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಹೊಲ ನೋಡಿಕೊಳ್ಳಲು ಒಬ್ಬರು ಇರಬೇಕು, ವಯಸ್ಸಾದ ತಂದೆತಾಯಿ ಇದ್ದಾರೆ, ಮಕ್ಕಳ ಶಾಲೆ ಇದೆ. ಗಂಡನೊಬ್ಬನೇ ಹೋಗಬೇಕಾಗಿ ಬರುತ್ತದೆ. ಇಲ್ಲವೇ ಇಬ್ಬರೂ ಹೋಗಿ ಮಕ್ಕಳನ್ನು ಅಜ್ಜಿಯ ಬಳಿ ಬಿಡಬೇಕಾಗುತ್ತದೆ. ಹಾಗೆ ಮಾಡುವವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಅದನ್ನು ಇಬ್ಬರೂ ಕುಳಿತು ತೀರ್ಮಾನಿಸಬೇಕು, ಎಷ್ಟು ತಿಂಗಳು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ದುಡ್ಡು ಕಳಿಸಿದರೆ ಸಾಲದು. ದಿನಕ್ಕೊಮ್ಮೆ ಮಕ್ಕಳ ದನಿ ಕೇಳಬೇಕು. ದೂರವಿದ್ದಾಗಲೂ ಮನೆಯ ಮಾತುಗಳಲ್ಲಿ ಇಬ್ಬರ ಹೆಸರೂ ಜೊತೆಯಾಗಿಯೇ ಬರಬೇಕು.

ಮೂರನೆಯದು: ಹೊರಗಿನಿಂದ ಬಂದವರಿಗೆ ಬಾಗಿಲು. ನಾವು ನೆಂಟರಿಗೆ ಬಾಗಿಲು ತೆರೆಯುತ್ತೇವೆ, ಅಪರಿಚಿತರಿಗೆ ಹಿಂಜರಿಯುತ್ತೇವೆ. 2020ರ ಮಾರ್ಚ್ 25ರಿಂದ ದೇಶವೆಲ್ಲ ಮುಚ್ಚಿದಾಗ ದುಡಿಯಲು ಹೋದವರು ಗಂಟುಮೂಟೆ ಹೊತ್ತು ಊರಿಗೆ ನಡೆದರು. ಹಲವು ಊರುಗಳ ಬಾಯಿಗೆ ಮುಳ್ಳುಬೇಲಿ ಬಿದ್ದಿತು, ಸ್ವಂತ ಮಕ್ಕಳನ್ನೇ ಹೊರಗೆ ನಿಲ್ಲಿಸಿದರು. ಅದೇ ದಿನಗಳಲ್ಲಿ ದಾರಿಹೋಕರಿಗೆ ಅನ್ನ ನೀರು ಕೊಟ್ಟ ಮನೆಗಳೂ ಇದ್ದವು. ಭಯ ಎರಡೂ ಕಡೆಯವರಿಗೆ ಇತ್ತು. ಬಾಗಿಲಿನ ವಿಷಯದಲ್ಲಿ ಅವರು ಮಾಡಿದ ತೀರ್ಮಾನ ಬೇರೆ ಬೇರೆಯಾಗಿತ್ತು.

ಮಾತಿನ ವಿಷಯವನ್ನೂ ಇಲ್ಲಿ ಹೇಳಬೇಕು. ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾರ್ಟಳ್ಳಿ ಕಡೆಯ ನಮ್ಮ ಸಹೋದರರು ಇಂದಿಗೂ ಮನೆಯಲ್ಲಿ ತಮಿಳಿನಲ್ಲಿ ಪ್ರಾರ್ಥಿಸುತ್ತಾರೆ, ಸಂತೆಯಲ್ಲಿ ಕನ್ನಡ ಆಡುತ್ತಾರೆ. ಎರಡು ಮಾತು ಬಲ್ಲ ಜನ ನಾವು. ಇಲ್ಲಿಗೆ ಕೂಲಿಗೆ ಬಂದ ಉತ್ತರದ ಹುಡುಗನೊಬ್ಬ ಅರೆಬರೆ ಕನ್ನಡದಲ್ಲಿ ದಾರಿ ಕೇಳಿದರೆ ನಗದೆ ಉತ್ತರಿಸುವುದು ನಮಗೆ ದೊಡ್ಡ ಕೆಲಸವಾಗಬಾರದು.

ಮನೆಮಂದಿ ಕೂಡಿ ಚರ್ಚಿಸಲು

1. ಪ್ರೇಷಿತರ ಕಾರ್ಯಕಲಾಪಗಳು 18ನೇ ಅಧ್ಯಾಯವನ್ನು ಒಟ್ಟಿಗೆ ಓದಿರಿ. ಅಕ್ವಿಲ ಮತ್ತು ಪ್ರಿಸಿಲ್ಲ ಇದ್ದ ಊರುಗಳನ್ನು ಮಕ್ಕಳು ಭೂಪಟದಲ್ಲಿ ಗುರುತಿಸಲಿ.

2. ನಮ್ಮ ಮನೆಯಿಂದ ಯಾರು ಯಾರು ಊರು ಬಿಟ್ಟು ದುಡಿಯಲು ಹೋಗಿದ್ದಾರೆ? ಅವರೊಡನೆ ಕೊನೆಯದಾಗಿ ಮಾತನಾಡಿದ್ದು ಯಾವಾಗ?

3. ಮನೆಯ ದುಡಿಮೆಯನ್ನು ಕುರಿತು ಮಾತನಾಡುವಾಗ ಗಂಡ ಹೆಂಡತಿ ಇಬ್ಬರ ಹೆಸರೂ ಬರುತ್ತದೆಯೇ, ಒಬ್ಬರದೇ ಬರುತ್ತದೆಯೇ?

4. ಹೊರಗಿನಿಂದ ಬಂದ ಯಾವ ಕುಟುಂಬ ನಮ್ಮ ಬೀದಿಯಲ್ಲಿದೆ? ಈ ವಾರ ಅವರನ್ನು ಒಂದು ಹೊತ್ತಿನ ಕಾಫಿಗೆ ಕರೆಯಬಹುದೇ?