ದೇವರಿಗೆ ವಕೀಲರು ಬೇಕಿಲ್ಲ

ಸಾವಾದ ಮನೆಗೆ ಹೋದ ವಿಶ್ವಾಸಿಗಳು ಮೊದಲು ಶುರು ಮಾಡುವುದು ದೇವರ ಪರ ವಕಾಲತ್ತು. ಎಲ್ಲ ಅವನ ಚಿತ್ತ, ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾನೆ, ಅಳಬೇಡಿ, ಅವರು ಕರ್ತನ ಹತ್ತಿರ ಇದ್ದಾರೆ. 2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ಅಲೆಯಲ್ಲಿ ದೆಹಲಿಯ ದ್ವಾರಕಾದ ಫ್ಲ್ಯಾಟುಗಳಲ್ಲಿ ಈ ಮಾತುಗಳು ಫೋನು, ಝೂಮ್ ಪ್ರಾರ್ಥನೆ, ವಾಟ್ಸ್ಆ್ಯಪ್ ಎಲ್ಲದರಲ್ಲೂ ಹರಿದಾಡಿದವು. ಕೇಳಿಸಿಕೊಂಡವರಲ್ಲಿ ಕೆಲವರು ಆಮೇಲೆ ಆರಾಧನೆಗೆ ಬರುವುದನ್ನೇ ಬಿಟ್ಟರು.

ನಮ್ಮದು ಮಲಯಾಳಿ, ತಮಿಳು, ಮಿಜೋ, ಕುಕಿ ಕುಟುಂಬಗಳ ನಡುವೆ ನಾಲ್ಕಾರು ಕನ್ನಡದ ಮನೆಗಳಿರುವ ಸಭೆ. ನಿವೃತ್ತಿಯಾದವಳೆಂದು ಮನೆಭೇಟಿಯ ಕೆಲಸ ನನ್ನ ಪಾಲಿಗೆ ಬಂದಿತ್ತು. ಏಪ್ರಿಲ್ 19ರ ರಾತ್ರಿ ಲಾಕ್‌ಡೌನ್ ಆಯಿತು. ಮಾರನೆಯ ದಿನ ದೆಹಲಿಯ ಹೊಸ ಸೋಂಕು 28 ಸಾವಿರ ದಾಟಿತು. ಊರಲ್ಲಾದರೆ ಶವ ಮನೆಗೆ ಬರುತ್ತದೆ, ರಾತ್ರಿಯಿಡೀ ಕೀರ್ತನೆ ಹಾಡುತ್ತಾರೆ, ಕೊನೆಗೆ ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಇಲ್ಲಿ ಅದೊಂದೂ ಆಗಲಿಲ್ಲ. ಆಸ್ಪತ್ರೆಯಿಂದ ನೇರ ಬುರಾಡಿಯ ಸ್ಮಶಾನಕ್ಕೆ. ಮಕ್ಕಳು ನೋಡಿದ್ದು ವಿಡಿಯೊ ಕಾಲ್‌ನಲ್ಲಿ.

ಆ ದುಃಖ ಮುಗಿಯಲಿಲ್ಲ, ಬೇರೆ ರೂಪದಲ್ಲಿ ಹೊರಬಂತು. ಗಂಡನನ್ನು ಕಳೆದುಕೊಂಡ ಗದಗ ಕಡೆಯ ಒಬ್ಬರು ಚರ್ಚು ತೆರೆದ ಮೇಲೆ ಬಾಗಿಲವರೆಗೆ ಬಂದು ವಾಪಸು ಹೋಗುತ್ತಿದ್ದರು. ವಿಶ್ವಾಸ ತಣ್ಣಗಾಗಿದೆ ಎಂದು ಯಾರೋ ತೀರ್ಪೂ ಕೊಟ್ಟರು. ಕಾರಣ ಬಾಗಿಲಲ್ಲಿಟ್ಟಿದ್ದ ಸ್ಯಾನಿಟೈಸರ್. ಆ ವಾಸನೆ ಮೂಗಿಗೆ ಬಡಿದರೆ ಅವರು ಮತ್ತೆ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಬಾಟಲಿಯನ್ನು ಮೂಲೆಗೆ ಸರಿಸಿ, ಬಾಗಿಲ ಪಕ್ಕದ ಕುರ್ಚಿಯನ್ನು ಅವರಿಗೆ ಬಿಟ್ಟೆವು. ಆ ವರ್ಷ ನಮ್ಮ ಸಭೆ ಮಾಡಿದ ಅತಿ ದೊಡ್ಡ ದೇವಸೇವೆ ಅದೇ ಎಂದು ನನ್ನ ಎಣಿಕೆ.

ಅವರ ಮನೆಗೆ ಹೋದಾಗ ಒಮ್ಮೆ, "ಅಕ್ಕಾರೆ, ಇವತ್ತು ಪ್ರಾರ್ಥನಿ ಬ್ಯಾಡ್ರಿ, ಸುಮ್ನ ಕೂಡ್ರಿ" ಎಂದರು. ಕೂತೆ. ಬೈಬಲಿನಲ್ಲಿ ನೊಂದ ಯೋಬನ ಸ್ನೇಹಿತರು ಮಾಡಿದ ಒಳ್ಳೆಯ ಕೆಲಸವೂ ಇದೊಂದೇ: ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಬಾಯಿ ತೆರೆದದ್ದೇ ಕೆಟ್ಟಿತು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರ ವಾದಿಸಿದ ಇವರ ಮೇಲೆ. ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೂ ದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಮಲಗಲು ಬಿಟ್ಟು, ಎಬ್ಬಿಸಿ ಮತ್ತೆ ತಿನ್ನಿಸಿದ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ನಾವು ಸಭೆಯಲ್ಲಿ ಓದುವುದೇ ಇಲ್ಲ.

ನನಗೆ ಕೈಹಿಡಿದು ಕಲಿಸಿದ ಪುಸ್ತಕ 'ಹೀಲಿಂಗ್ ದ ವೂಂಡ್ಸ್ ಆಫ್ ಟ್ರಾಮಾ'. ಆಫ್ರಿಕದ ಯುದ್ಧಗಳಲ್ಲಿ ನೊಂದ ಸಭೆಗಳಿಗಾಗಿ ಬರೆದದ್ದು, 2004ರಲ್ಲಿ ಬಂತು. ಅದರಲ್ಲಿ ಕೇಳುವವನಿಗೆ ಇರುವುದು ಮೂರೇ ಪ್ರಶ್ನೆ: ಏನಾಯಿತು, ಆಗ ನಿಮಗೆ ಹೇಗನ್ನಿಸಿತು, ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು. ಮೂರನೆಯದಕ್ಕೆ ಬರುವ ಉತ್ತರ ಬಹಳ ಸಲ ಸಾವಲ್ಲ. "ಸಿಲಿಂಡರ್ ಕ್ಯೂನ್ಯಾಗ ನಿಂತಿದ್ದೆ. ಅವ್ರು ಎರಡು ಸಲ ಫೋನ್ ಮಾಡಿದ್ರು, ನಾ ಎತ್ತಲಿಲ್ಲ." ಈ ಮಾತಿಗೆ ದೇವರ ಚಿತ್ತದ ಯಾವ ವಿವರಣೆ ಸಮಾಧಾನವಾದೀತು?

ಮಣಿಪುರದಲ್ಲಿ 2023ರ ಮೇ 3ರಂದು ಹಿಂಸೆ ಶುರುವಾಗಿ, ಮನೆ ಕಳೆದುಕೊಂಡವರು ದೆಹಲಿಗೆ ಬಂದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅನುಭವಿಸಿದ್ದನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳಿಸುವುದು ನಮ್ಮ ಹಳೆಯ ರೂಢಿ. ಒಂದು ಪ್ರಾರ್ಥನಾಕೂಟದಲ್ಲಿ ಹುಡುಗನೊಬ್ಬನ ಕೈಗೆ ಮೈಕ್ ಕೊಟ್ಟರು. ಅವನು ಎಲ್ಲ ಹೇಳಿದ. ಕ್ಷಮಿಸಿದ್ದೇನೆ ಎಂದೂ ಅವನಿಂದ ಹೇಳಿಸಿದರು. ಜನ ಆಮೆನ್ ಅಂದು ಊಟಕ್ಕೆ ಎದ್ದರು. ಅವನಿಗೆ ಆಮೇಲೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಕ್ಷಮೆ ಕ್ರಿಸ್ತನ ಬೋಧನೆಯ ತಿರುಳು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವಸರದ ಕ್ಷಮೆಯಿಂದ ಹಗುರಾಗುವುದು ಕೇಳಿಸಿಕೊಳ್ಳುವವರ ಮನಸ್ಸು. ಈಗ ನಮ್ಮಲ್ಲಿ ನೊಂದವರನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ತಲೆಯ ಮೇಲೆ ಕೈಯಿಡುವ ಮುಂಚೆ ಕೇಳುತ್ತೇವೆ, ಹಿಂದಿನಿಂದ ಬಂದು ಇಡುವುದಂತೂ ಇಲ್ಲ. ಬಲವಂತಕ್ಕೆ ಸಿಕ್ಕಿದ್ದ ದೇಹಕ್ಕೆ ಆಶೀರ್ವಾದದ ಕೈ ಯಾವುದೆಂದು ತಕ್ಷಣ ಗೊತ್ತಾಗುವುದಿಲ್ಲ. ಕುರುಡ ಬಾರ್ತಿಮಾಯನಿಗೆ ಏನು ಬೇಕೆಂಬುದು ಎದುರಿಗೇ ಕಾಣುತ್ತಿತ್ತು, ಆದರೂ ಯೇಸು ಅವನನ್ನು ಕೇಳಿದ.

ದುಃಖ ಕೇಳಿಸಿಕೊಳ್ಳುವವರಿಗೂ ಗಡಿ ಇದೆ. 'ಯಾರಿಗೂ ಹೇಳುವುದಿಲ್ಲ' ಎಂದು ಮೊದಲೇ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಸಭಾಪಾಲಕರಾದರೂ ಅಷ್ಟೇ. ನಿದ್ದೆ ಬಾರದವರಿಗೆ, ಸಾಯುವ ಮಾತಾಡುವವರಿಗೆ ಪ್ರಾರ್ಥನೆಯ ಜೊತೆ ವೈದ್ಯರೂ ಬೇಕು. ಮನೋವೈದ್ಯರ ಹತ್ತಿರ ಹೋಗುವುದು ಅವಿಶ್ವಾಸ ಎನ್ನುವವರೊಂದಿಗೆ ನನಗೆ ತಾಳ್ಮೆಯಿಲ್ಲ. ಸುವಾರ್ತೆ ಬರೆದ ಲೂಕನನ್ನು ಪೌಲ ವೈದ್ಯನೆಂದೇ ಕರೆದಿದ್ದಾನೆ. ಸರಕಾರಿ ಮಾನಸಿಕ ಆಸ್ಪತ್ರೆ ಇಹಬಾಸ್ ಇರುವುದು ದಿಲ್ಶಾದ್ ಗಾರ್ಡನ್‌ನಲ್ಲಿ, ನಮಗೆ ಊರಿನ ಆ ತುದಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯದ ಫೋನ್ ಸಹಾಯವಾಣಿ ಟೆಲಿ ಮಾನಸ್ ಮಾತ್ರ ಕೈಯಳತೆಯಲ್ಲೇ ಇದೆ: ಸಂಖ್ಯೆ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಆರಾಧನೆಯ ಸಮಯದ ಪಕ್ಕದಲ್ಲೇ ಇದನ್ನೂ ಬರೆಸಿ.