ವೃತ್ತಪತ್ರಿಕೆಯ ಭಾಷೆ ಮತ್ತು ನಮ್ಮ ಸಂಚಿಕೆ: ಒಂದು ಅಭ್ಯಾಸಕ್ರಮ

ಪತ್ರಿಕೆಯನ್ನು ಸುದ್ದಿಗಾಗಿ ಓದುವವರು ಬಹು ಮಂದಿ. ಭಾಷೆಗಾಗಿ ಓದುವವರು ವಿರಳ. ಸುದ್ದಿ ನಮ್ಮನ್ನು ತಲುಪುವುದು ಭಾಷೆಯ ಮೂಲಕವೇ ಆದುದರಿಂದ, ಮಾತು ಬದಲಾದರೆ ಅರ್ಥವೂ ಬದಲಾಗುತ್ತದೆ. ಮುಂದಿನ ವಾರ್ಷಿಕ ಸಂಚಿಕೆಗೆ ಕೈಹಾಕುವ ಮುನ್ನ ಸಹಪಾಠಿಗಳೊಡನೆ ಇದನ್ನು ಕೊಂಚ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅದು ಅಚ್ಚಾದುದು ಕಲ್ಲಚ್ಚಿನಲ್ಲಿ. 1844ರಲ್ಲಿ ಅದು ನಮ್ಮ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಎಂಬ ಹೆಸರನ್ನು ತಳೆಯಿತು. ಆಗ ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಊರಿನ ಹೆಸರು ಹೋಗಿ ನುಡಿಯ ಹೆಸರು ಬಂದಾಗ, ಓದುಗರ ಎಲ್ಲೆಯೇ ಹಿಗ್ಗಿದಂತಾಯಿತು. ಒಂದು ಪದದ ಶಕ್ತಿಗೆ ಇದಕ್ಕಿಂತ ಸಮೀಪದ ಉದಾಹರಣೆ ಬೇಡ.

ಇನ್ನು ಅಭ್ಯಾಸಕ್ಕೆ ತಕ್ಕ ಸಾಮಗ್ರಿ ಎಲ್ಲಿದೆ? ದೂರ ಹೋಗಬೇಕಾಗಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಕಾರಣಿಕ ನಡೆಯುತ್ತದೆ. ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಜನಸಾಗರ ಮೌನವಾಗುತ್ತದೆ. ಆತ ನುಡಿಯುವುದು ಒಂದೇ ಒಂದು ಸಾಲು. ರೈತನು ಅದರಲ್ಲಿ ಮಳೆಬೆಳೆಯನ್ನು ಕಾಣುತ್ತಾನೆ, ವರ್ತಕನು ಧಾರಣೆಯನ್ನು, ರಾಜಕಾರಣಿಯು ತನ್ನ ಭವಿಷ್ಯವನ್ನು. ಮರುದಿನದ ಪತ್ರಿಕೆಗಳಲ್ಲಿ ಆ ನುಡಿಯೂ ಅದರ ವ್ಯಾಖ್ಯಾನವೂ ಅಚ್ಚಾಗುತ್ತವೆ. ನಾಲ್ಕು ಪತ್ರಿಕೆಗಳನ್ನು ಒಟ್ಟಿಗೆ ಹರಡಿಕೊಂಡು ನೋಡೋಣ. ನುಡಿ ಎಲ್ಲದರಲ್ಲಿಯೂ ಅಕ್ಷರಶಃ ಒಂದೇ ಆಗಿದೆಯೆ? ವ್ಯಾಖ್ಯಾನ ಮಾಡಿದವರಾರೆಂದು ಹೇಳಿದೆಯೆ? ತಲೆಬರಹದಲ್ಲಿರುವುದು ನುಡಿಯೋ ವ್ಯಾಖ್ಯಾನವೋ? ಹಳಗನ್ನಡದ ತರಗತಿಯಲ್ಲಿ ಪಾಠಾಂತರಗಳನ್ನು ಗುರುತಿಸಲು ಕಲಿತವರಿಗೆ ಈ ಕೆಲಸ ಹೊಸದಲ್ಲ. ನಡೆದುದನ್ನೂ ಊಹಿಸಿದುದನ್ನೂ ಬೇರ್ಪಡಿಸುವುದು ಇಲ್ಲಿ ಮೊದಲ ಪಾಠ.

ಎರಡನೆಯದು, ಪದಗಳ ಗಳಿಕೆ ಮತ್ತು ನಷ್ಟ. ಇಟ್ಟಿಗಿಯ ಕಡೆಯ ರೈತನು ‘ಹುಬ್ಬಿ ಮಳೆ ಕೈಕೊಟ್ಟಿತು’ ಎಂದರೆ, ಪತ್ರಿಕೆಯು ‘ಮಳೆಯ ಕೊರತೆ’ ಎಂದು ಬರೆದೀತು. ಒಂದೊಂದು ಮಳೆನಕ್ಷತ್ರವೂ ಸುಮಾರು 13-14 ದಿನ ಇರುವುದರಿಂದ, ರೈತನ ಮಾತಿನಲ್ಲಿ ಮಳೆ ತಪ್ಪಿದ ಕಾಲವೇ ಅಡಗಿದೆ. ಪತ್ರಿಕೆಯ ಮಾತಿನಲ್ಲಿ ಅದು ಉಳಿಯಲಿಲ್ಲ. ಹಾಗೆಯೇ ಎರೆಹೊಲ, ಮಸಾರಿ ಹೊಲ ಎಂಬ ಭೇದವು ‘ಒಣಭೂಮಿ’ ಎಂಬ ಒಂದೇ ಪದದಲ್ಲಿ ಅಳಿಸಿಹೋಗುತ್ತದೆ. ಎರೆಯು ತೇವವನ್ನು ಹಿಡಿದಿಟ್ಟೀತು. ಮಸಾರಿಯು ಬೇಗನೆ ಒಣಗೀತು. ಆದರೆ ಎಷ್ಟು ಮಿಲಿಮೀಟರ್ ಮಳೆ ಬಿದ್ದಿತೆಂಬ ಲೆಕ್ಕವು ಪತ್ರಿಕೆಯಿಂದಲೇ ದೊರೆಯುವುದು. ಆದುದರಿಂದ ಒಂದನ್ನು ಹೊಗಳಿ ಇನ್ನೊಂದನ್ನು ಹಳಿಯುವುದು ಸಲ್ಲ, ಎರಡೂ ಬೇಕು.

ಮೂರನೆಯದು, ಕರ್ತೃವಿನ ವಿಚಾರ. ‘ಕೆರೆಯ ದುರಸ್ತಿಯನ್ನು ನಿರ್ಲಕ್ಷಿಸಲಾಗಿದೆ’ ಎಂಬ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ನಿರ್ಲಕ್ಷಿಸಿದವರಾರು? ಕರ್ಮಣಿ ಪ್ರಯೋಗದ ಮರೆಯಲ್ಲಿ ಹೊಣೆಗಾರನು ಕಾಣೆಯಾಗಿದ್ದಾನೆ. ವ್ಯಾಕರಣವು ಪರೀಕ್ಷೆಗೆ ಮಾತ್ರವಲ್ಲ, ಪೌರನಿಗೂ ಬೇಕೆಂಬುದು ಇಂಥಲ್ಲಿ ತಿಳಿಯುತ್ತದೆ.

ಈ ಅಭ್ಯಾಸವನ್ನು ಸಂಚಿಕೆಯಾಗಿ ಪರಿಣಮಿಸುವ ಬಗೆ ಹೇಗೆ? 16 ಪುಟಗಳ ಒಂದು ಫಾರಂ ಸಾಕು. ನಾಲ್ಕು ಪುಟ ಮಳೆ ಮತ್ತು ಮಣ್ಣಿನ ಪದಗಳಿಗೆ. ನಾಲ್ಕು ಕಾರಣಿಕದ ವರದಿಗಳ ತುಲನೆಗೆ. ನಾಲ್ಕು ಊರಿನ ಒಂದು ಕೆರೆಯನ್ನೋ ಶಾಲೆಯನ್ನೋ ಕುರಿತು ನಾವೇ ಬರೆದ ವರದಿಗೆ. ಉಳಿದ ನಾಲ್ಕು ಓದುಗರ ಪತ್ರ ಮತ್ತು ತಿದ್ದುಪಡಿಗಳಿಗೆ. ಸೆಪ್ಟೆಂಬರಿನಲ್ಲಿ ಪದಸಂಗ್ರಹ, ಜಾತ್ರೆಯ ಮರುದಿನ ಪತ್ರಿಕಾಸಂಗ್ರಹ, ಮಾರ್ಚಿನಲ್ಲಿ ಕರಡು ತಿದ್ದುವುದು. ಗಣಕಯಂತ್ರದಲ್ಲಿ ಒಂದು ಲಿಪಿವಿನ್ಯಾಸದಿಂದ ಇನ್ನೊಂದಕ್ಕೆ ಮಾರ್ಪಡಿಸುವಾಗ ಒತ್ತಕ್ಷರಗಳು ಕೆಡುವುದುಂಟು. ಆದಕಾರಣ ಕರಡನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲವನ್ನು ನೋಡತಕ್ಕದ್ದು. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ಯಾರ ಮಾತನ್ನು ಅಚ್ಚುಮಾಡುತ್ತೇವೆಯೋ ಅವರಿಗೆ ಅದನ್ನು ಓದಿಹೇಳಿ, ಒಪ್ಪಿಗೆ ಪಡೆದ ಮೇಲೆಯೇ ಮುದ್ರಣಕ್ಕೆ ಕಳುಹಿಸಬೇಕು. ಅಕ್ಷರ ಬಾರದ ಅಜ್ಜಿಗೂ ತನ್ನ ಮಾತಿನ ಮೇಲೆ ಹಕ್ಕುಂಟು.

ಕಾಲೇಜಿನ ಸಂಚಿಕೆಯಿಂದ ಏನಾದೀತು ಎನ್ನುವವರುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ, ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’ವು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಕನ್ನಡ ವಿದ್ವತ್ತಿಗೆ ನೆಲೆಯಾಯಿತು. ಅಷ್ಟು ದೊಡ್ಡದನ್ನು ನಾವು ಬಯಸಬೇಕಾಗಿಲ್ಲ. ನಮ್ಮ ಹಳ್ಳಿಗಳ ಮಾತು ತನ್ನ ಅರ್ಥ ಕೆಡದೆ, ಆಡಿದವರ ಹೆಸರು ಅಳಿಯದೆ ಒಂದು ಫಾರಮಿನಲ್ಲಿ ಅಚ್ಚಾದರೆ, ವಿದ್ಯಾರ್ಥಿಗಳು ತಮ್ಮ ನೆಲಕ್ಕೆ ಸಲ್ಲಿಸಬೇಕಾದ ಋಣದಲ್ಲಿ ಒಂದು ಕಂತು ಸಂದಂತಾಗುವುದು.