ಒಂದು ದಿಬ್ಬ, ಎರಡು ಸೀಮೆ

ಮಡ್ಡಿಯೆಂದರೆ ಎತ್ತರವಾದ ಗಟ್ಟಿನೆಲವು. ಮಾಳಮಡ್ಡಿಯುಳ್ಳ ಧಾರವಾಡವು ಎರಡು ಸೀಮೆಗಳ ನಡುವೆ ಇರುವದು. ಪಶ್ಚಿಮಕ್ಕೆ ಮಲೆನಾಡು, ಅಲ್ಲಿ ಕೆಮ್ಮಣ್ಣು, ಅಡವಿ, ಭತ್ತದ ಗದ್ದೆ. ಪೂರ್ವಕ್ಕೆ ನವಲಗುಂದದ ಕಡೆಗೆ ಬಯಲುಸೀಮೆ. ಅಲ್ಲಿ ಎರೆಮಣ್ಣು, ಜೋಳ, ಹತ್ತಿ. ಇಲ್ಲಿನ ದಿಬ್ಬಗಳ ಮೇಲೆ ಸುರಿಯುವ ಒಂದೇ ಮಳೆಯು ಎರಡು ಸಮುದ್ರಗಳಿಗೆ ಹಂಚಿಹೋಗುವದು. ಶಾಲ್ಮಲೆಯು ಬೇಡ್ತಿಯಾಗಿ ಹರಿದು ಅರಬ್ಬೀ ಸಮುದ್ರವನ್ನು ಸೇರುವದು; ತುಪ್ಪರಿಹಳ್ಳವು ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆಗಳ ಮೂಲಕ ಬಂಗಾಳ ಕೊಲ್ಲಿಗೆ ಹೋಗುವದು.

ಆದರೆ ನೀರು ಒಂಟಿಯಾಗಿ ಹೋಗುವದಿಲ್ಲ. ಹೊಲದ ಮಣ್ಣನ್ನೂ ಕೊಂಡೊಯ್ಯುವದು. ಒಂದಂಗುಲ ಮಣ್ಣು ಉಂಟಾಗುವದಕ್ಕೆ ನೂರಾರು ವರುಷಗಳು ಬೇಕು. ಅದು ಕೊಚ್ಚಿಹೋಗುವದಕ್ಕೆ ಕೆಲವು ಮಳೆಗಾಲಗಳೇ ಸಾಕು. ಆದಕಾರಣ ಮುಂಗಾರಿಗೆ ಮೊದಲೇ ಒಡ್ಡುಗಳನ್ನು ಕಟ್ಟಿರಿ. ಇಳಿಜಾರಿಗೆ ಅಡ್ಡಲಾಗಿ ಉಳಿರಿ. ದೇವರು ಒಪ್ಪಿಸಿದ ನೆಲಕ್ಕೆ ನಾವು ಮನೆವಾರ್ತೆಯವರು. ಅದನ್ನು ಕುಂದಿಲ್ಲದೆ ಮಕ್ಕಳ ಕೈಗೆ ಕೊಡತಕ್ಕದ್ದು.